ಕದಿರಪ್ಪ ಓಡಿಸಿದ ಹುಡುಗಿಯರು

ಕದಿರಪ್ಪನ ಜೊತೆ ಅರ್ಧ ಗಂಟೆ ಕೂತರೆ ಎಂಥವರಿಗೂ ತಲೆ ಕೆಡುತ್ತದೆ. ಮನುಷ್ಯ ಮಾತಾಡುವುದೇ ಕಡಿಮೆ. ಆಡಿದರೆ ಅದೇ ಮಾತು.

"ನಮ್ಮ ಉಡುಗ್ರನ್ನ ರೈಲ್ವೇಗೆ ಆಕ್ಬೇಕು ಸಾರ್."

ನಾನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುತ್ತಿದ್ದ ಕಾಲದಲ್ಲೂ ಅವನು ಕಿಟಕಿಯ ಹತ್ತಿರ ಬಂದು ಇದನ್ನೇ ಹೇಳುತ್ತಿದ್ದ. ನಾನು ನಿವೃತ್ತನಾಗಿ ರಾಬರ್ಟ್‌ಸನ್‌ಪೇಟೆಯ ಮನೆ ಸೇರಿದ ಮೇಲೆ ಅಲ್ಲಿಗೂ ಬಂದು ಹೇಳಿದ. "ಏನಯ್ಯಾ, ರೈಲ್ವೆ ನಮ್ಮಪ್ಪನದಾ, ಹಿಡಿದು ಹಾಕೋಕೆ?" ಎಂದು ರೇಗುತ್ತಿದ್ದೆ. ಅವನು ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋಗುತ್ತಿದ್ದ. ಮುಂದಿನ ವಾರ ಮತ್ತೆ ಹಾಜರು.

ಕದಿರಪ್ಪ ಕಾಡಿನ ಜನರಾದ ಇರುಳಿಗರವನು. ಕಾಮಸಮುದ್ರ ದಾಟಿ, ಡಾಂಬರು ಮುಗಿದ ಮೇಲೂ ಇನ್ನಷ್ಟು ದೂರ ಹೋದರೆ ಕಾಡಿನ ಅಂಚಿನಲ್ಲಿ ಜೇನುಗುಟ್ಟೆ ಎಂಬ ಹಟ್ಟಿ ಸಿಗುತ್ತದೆ. ಮೊದಲು ಅವರಿಗೆ ಜೇನು, ಸೌದೆ, ಗೆಡ್ಡೆ ಇದ್ದವು. ಈಗ ಟೊಮ್ಯಾಟೊ ತೋಟದ ಕೂಲಿ, ಹೂವಿನ ತೋಟದ ಕೂಲಿ, ಇಟ್ಟಿಗೆ ಗೂಡಿನ ಕೂಲಿ. ಒಮ್ಮೆ ಹಳಿಯ ಕೆಲಸಕ್ಕೆ ಜಲ್ಲಿ ಹೊರುವವರು ಬೇಕೆಂದು ಮೇಸ್ತ್ರಿಯೊಬ್ಬ ಆ ಹಟ್ಟಿಗೆ ಲಾರಿ ತಂದಿದ್ದ. ಹತ್ತಿ ಹೋದವರೆಲ್ಲ ಕೆಲಸ ಮುಗಿದ ಮೇಲೆ ವಾಪಸು ಬಂದರು, ಕದಿರಪ್ಪ ಬರಲಿಲ್ಲ. ದಿನಗೂಲಿಯಾಗಿ ಉಳಿದ, ಆಮೇಲೆ ಕಾಯಂ ಗ್ಯಾಂಗ್‌ಮನ್ ಆದ, ಕೊನೆಗೆ ಕೀಮ್ಯಾನ್ ಆದ. ಕೀಮ್ಯಾನ್ ಎಂದರೆ ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಕೆಂಪು ಹಸಿರು ಬಾವುಟ ಹಿಡಿದು ತನ್ನ ಪಾಲಿನ ಹಳಿಯನ್ನು ದಿನವೂ ನಡೆದು ನೋಡುವವನು. ಎಲ್ಲಿ ಹಳಿ ಹಿಡಿದಿಡುವ ಕ್ಲಿಪ್ಪು ಸಡಿಲವಾಗಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ಕಂಡು ಸರಿಮಾಡುವ ಕೆಲಸ. ಜೇನುಗುಟ್ಟೆಯಲ್ಲಿ ತಿಂಗಳ ಸಂಬಳ ಕಂಡವನು ಅವನೊಬ್ಬನೇ. ಆ ಮಾತನ್ನು ಅವನು ಜಂಬದಿಂದ ಹೇಳಿದ್ದು ನಾನು ಕೇಳಿಲ್ಲ. ಯಾರಾದರೂ ಹೊಗಳಲು ಹೋದರೆ ಮುಖ ಸಿಂಡರಿಸುತ್ತಿದ್ದ.

ನಮ್ಮ ಕೆಜಿಎಫ್‌ನಲ್ಲಿ ಗಣಿ ಮುಚ್ಚಿದಾಗ ಬೀದಿಗೆ ಬೀದಿಯೇ ರೈಲ್ವೆಗೆ ಅರ್ಜಿ ಹಾಕಿತ್ತು. ಒಬ್ಬನಿಗೆ ಸಿಕ್ಕರೆ ಅವನು ತಮ್ಮನಿಗೆ ಹೇಳಿಕೊಡುತ್ತಿದ್ದ, ತಮ್ಮ ಪಕ್ಕದ ಮನೆಯವನಿಗೆ. ಜೇನುಗುಟ್ಟೆಯಲ್ಲಿ ಅದು ಆಗಲೇ ಇಲ್ಲ. ರೈಲಿನ ಕೂಗು ಹಟ್ಟಿಗೆ ಕೇಳಿಸುತ್ತದೆ, ಅಷ್ಟೇ.

ಪ್ರಯತ್ನ ಪಡದೆ ಇರಲಿಲ್ಲ. ಒಂದು ಸಲ ಬೆಂಗಳೂರಿನಿಂದ ಯಾವುದೋ ಸಂಸ್ಥೆಯವರು ಕಾಮಸಮುದ್ರಕ್ಕೆ ಬಂದು, 'ಗಿರಿಜನ ಯುವಜನರಿಗೆ ರೈಲ್ವೆ ಉದ್ಯೋಗ ಪರಿಚಯ' ಎಂದು ಬ್ಯಾನರ್ ಕಟ್ಟಿದರು. ಕದಿರಪ್ಪ ರಜೆ ಹಾಕಿ ಹಟ್ಟಿಯ ಹುಡುಗ ಹುಡುಗಿಯರನ್ನೆಲ್ಲ ಎರಡು ಆಟೋದಲ್ಲಿ ತುಂಬಿಕೊಂಡು ಬಂದ. ಪರದೆಯ ಮೇಲೆ ಮೂತಿ ಚೂಪಾದ ವಿದೇಶಿ ರೈಲು ಓಡಿತು. "ನೀವೂ ಲೋಕೋ ಪೈಲಟ್ ಆಗಬಹುದು, ಕನಸು ಕಾಣಿ" ಎಂದು ಸಂಸ್ಥೆಯ ಹೆಣ್ಣುಮಗಳೊಬ್ಬರು ಚೆನ್ನಾಗಿಯೇ ಮಾತಾಡಿದರು. ಕೊನೆಗೆ ಪ್ರಶ್ನೆ ಕೇಳಿ ಎಂದಾಗ ಇಂದ್ರಾಣಿ ಎಂಬ ಉದ್ದ ಕಾಲಿನ ಹುಡುಗಿ ಎದ್ದು ನಿಂತಳು.

"ಅಕ್ಕ, ಅದ್ಕೆ ಎಷ್ಟು ಓದಿರ್ಬೇಕು? ನಾವು ಅತ್ತನೇ ಕ್ಲಾಸು. ಇನ್ನೊಂದು, ರಾತ್ರಿ ಕೆಲ್ಸ ಆದ್ರೆ ಎಂಗೆ ಬರೋದು? ನಮ್ಮೂರಿಗೆ ಬಸ್ಸೇ ಇಲ್ಲ."

ಒಳ್ಳೆಯ ಪ್ರಶ್ನೆ ಎಂದರು. ಬರೆದುಕೊಂಡರು. ಆಮೇಲೆ ಪುಳಿಯೋಗರೆ ಪೊಟ್ಟಣ, ಗುಂಪು ಫೋಟೋ, ಚಪ್ಪಾಳೆ. ಅವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಕದಿರಪ್ಪ ಮೊದಲ ಸಲ ನನ್ನೆದುರು ಸಿಟ್ಟಾಗಿದ್ದು ಅಂದು.

"ಅತ್ತನೇ ಕ್ಲಾಸಿಗೆ ಇರೋ ಕೆಲ್ಸ ಏಳ್ಲೇ ಇಲ್ವಲ್ಲ ಸಾರ್! ಸುತ್ತಿಗೆ ಇಡಿಯೋರು ರೈಲ್ವೇಲಿ ಇಲ್ವಾ? ನಾನೇನು ಗಾಳೀಲಿ ಇದೀನಾ?"

ಮುಂದಿನ ಭಾನುವಾರದಿಂದ ತಾನೇ ಪರಿಚಯ ಮಾಡಿಸಲು ಶುರು ಮಾಡಿದ. ಹಳಿ ತೋರಿಸಿದ, ಗೇಟು ತೋರಿಸಿದ, ಗ್ಯಾಂಗಿನವರು ಸಾಮಾನು ಇಡುವ ಕೋಣೆ ತೋರಿಸಿದ. ಹಳಿಯ ಕೆಳಗೆ ಅಡ್ಡ ಹಾಕುವ ಸ್ಲೀಪರ್ ಹಳೆಯದೊಂದು ಮೂಲೆಯಲ್ಲಿ ಬಿದ್ದಿತ್ತು, ಅದರ ಮೇಲೆ ಕ್ಲಿಪ್ಪು ಬಡಿಯಲು ಕೊಟ್ಟ. ಹುಡುಗರು ನಾಲ್ಕು ವಾರ ಬಂದರು, ಆಮೇಲೆ ಇಟ್ಟಿಗೆ ಗೂಡಿನ ಲಾರಿ ಬಂತು, ಅದರಲ್ಲಿ ಹೋದರು. ಉಳಿದದ್ದು ಮೂವರು ಹುಡುಗಿಯರು: ಇಂದ್ರಾಣಿ, ಮೀನಾ, ಅಂಬಿಕ. ಅವರಿಗೆ ಲೆಕ್ಕ ಮತ್ತು ಸಾಮಾನ್ಯ ಜ್ಞಾನ ಹೇಳಿಕೊಡುವ ಕರ್ಮ ನನ್ನ ತಲೆಗೆ ಬಂತು.

ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ ಎಂದುಕೊಂಡೇ ಹೋಗುತ್ತಿದ್ದೆ. ಮೂವರೂ ಬೆಳಗಿನಿಂದ ಬಗ್ಗಿ ಟೊಮ್ಯಾಟೊ ಕಿತ್ತು ಬಂದು ಕೂರುತ್ತಿದ್ದರು. ಶೇಕಡಾ ಎಂದರೆ ಆಕಳಿಕೆ. ನಾನು ಬೈದು ಬೈದು ಗಂಟಲು ಹರಿದುಕೊಂಡೆ. ಅಂಬಿಕ ಒಬ್ಬಳೇ ಬೈಸಿಕೊಳ್ಳುತ್ತಿರಲಿಲ್ಲ. ಅವಳಿಗೆ ಚಿಕ್ಕಂದಿನಿಂದ ಉಬ್ಬಸ, ಮೈ ಸಣ್ಣ, ಆದರೆ ಲೆಕ್ಕ ಚುರುಕು. ಉಳಿದಿಬ್ಬರಿಗೆ ರಾಗಿ ಮೂಟೆಯ ಲೆಕ್ಕದಲ್ಲಿ ಶೇಕಡಾ ಹೇಳಿಕೊಟ್ಟವಳು ಅವಳೇ. ಹೀಗೆ ಅಂತೂ ಇಂತೂ ಹಳಿಯ ಕೆಲಸಕ್ಕೆ ರೈಲ್ವೆ ನಡೆಸುವ ಲಿಖಿತ ಪರೀಕ್ಷೆ ಬರೆದರು, ಮೂವರೂ ಪಾಸಾದರು! ಫಲಿತಾಂಶದ ಪಟ್ಟಿಯನ್ನು ನಾನು ಮೂರು ಸಲ ನೋಡಿದೆ, ಅಷ್ಟು ಅಪನಂಬಿಕೆ.

ಇನ್ನು ಉಳಿದದ್ದು ದೇಹದ ಪರೀಕ್ಷೆ. ಹೆಣ್ಣುಮಕ್ಕಳು ಇಪ್ಪತ್ತು ಕಿಲೋ ಮೂಟೆ ಹೊತ್ತು ನೂರು ಮೀಟರ್ ನಡೆಯಬೇಕು. ಆಮೇಲೆ ಒಂದು ಕಿಲೋಮೀಟರನ್ನು ಆರು ನಿಮಿಷ ಆಗುವುದಕ್ಕೆ ಮೊದಲೇ ಓಡಿ ಮುಗಿಸಬೇಕು. ಕದಿರಪ್ಪ ಇದನ್ನು ಹೇಳಿದಾಗ ಹಟ್ಟಿಯೇ ನಕ್ಕಿತು. ಇಂದ್ರಾಣಿಯ ತಾಯಿ ಆದಿಲಕ್ಷ್ಮಮ್ಮನಂತೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಇಪ್ಪತ್ತು ಕಿಲೋನಾ? ಅದುನ್ನ ಒರೋಕೆ ಸಂಬ್ಳ ಕೊಡ್ತಾರಾ ಅಣ್ಣಾ? ನಾನೂ ಬತ್ತೀನಿ ಬುಡು!"

ಮೂಟೆಯ ಚಿಂತೆ ಇರಲಿಲ್ಲ. ಓಟಕ್ಕೆ ಅಭ್ಯಾಸ ಬೇಕು, ಅದು ಕೂಲಿಗೆ ಹೋಗುವ ಮುಂಚೆ ಬೆಳಗಿನ ಜಾವದಲ್ಲೇ ಆಗಬೇಕು. ಹಟ್ಟಿಯಿಂದ ಹೊರಟು ಕಾಡಿನ ಅಂಚಿನಲ್ಲೇ ಹೋಗುವ ಮಣ್ಣು ದಾರಿ ಬಿಟ್ಟರೆ ಬೇರೆ ದಾರಿ ಇಲ್ಲ. ಆ ಹೊತ್ತಿನಲ್ಲಿ ಅದು ಆನೆ ತಿರುಗುವ ದಾರಿಯೂ ಹೌದು. ಆದಿಲಕ್ಷ್ಮಮ್ಮ ನಗು ನಿಲ್ಲಿಸಿ ಹೇಳಿದಳು.

"ಓಡ್ಸಣ್ಣ, ಬ್ಯಾಡ ಅನ್ನಲ್ಲ. ಕ್ರಮ ಮಾತ್ರ ತಪ್ಪಬಾರ್ದು."

ಕ್ರಮ ಎಂದರೆ ಆ ಹಟ್ಟಿಯವರು ಕಾಡುದಾರಿಯಲ್ಲಿ ನಡೆಯುವ ರೀತಿ. ಕೈಲಾಗದವರು ಮುಂದೆ, ಕೈಲಾಗುವವರು ಹಿಂದೆ. ಗುಂಪಿನಲ್ಲಿ ನಿಧಾನದವರು ಯಾರೋ ಅವರು ಎಲ್ಲರಿಗಿಂತ ಮುಂದಿರಬೇಕು, ಚುರುಕು ಕಾಲಿನವರು ಕೊನೆಗೆ. ಮುಂದಿನವರನ್ನು ದಾಟುವಂತಿಲ್ಲ. ಆನೆ ಬಂದಾಗ ಓಡಲಾರದವನು ಹಿಂದೆ ಉಳಿದು ಸಿಕ್ಕಿಕೊಳ್ಳದಿರಲಿ ಎಂದು ಯಾವ ಕಾಲದಲ್ಲೋ ಮಾಡಿಕೊಂಡ ಏರ್ಪಾಡು. ನಡೆಯಲು ಕಲಿತ ಮಗುವಿಗೂ ಅದು ಗೊತ್ತು. ಇದನ್ನು ಕೇಳಿದಾಗ ನನಗೆ ಬಹಳ ಚೆಂದ ಎನಿಸಿತು, ಮನೆಗೆ ಬಂದು ಹೆಂಡತಿಗೂ ಹೇಳಿದೆ.

ಕದಿರಪ್ಪ ಕ್ರಮ ತಪ್ಪಿಸಲಿಲ್ಲ. ನೀರಿನ ಟ್ಯಾಂಕಿನ ಬಳಿ ಸೀಟಿ ಊದುವನು. ಅಂಬಿಕ ಮುಂದೆ, ಮೀನಾ ನಡುವೆ, ಇಂದ್ರಾಣಿ ಹಿಂದೆ. ಒಂದು ಕಿಲೋಮೀಟರ್ ಆಚೆ ಬಿದಿರು ಮೆಳೆಯ ಪಕ್ಕದ ಮೋರಿಯ ಹತ್ತಿರ ನಾನು ಸ್ಕೂಟರ್ ನಿಲ್ಲಿಸಿಕೊಂಡು ಫೋನಿನಲ್ಲಿ ಹೊತ್ತು ನೋಡುವೆ. ಅಂಬಿಕ ಏದುಸಿರು ಬಿಡುತ್ತಾ ಬಂದರೂ ಸಮಯದೊಳಗೇ ಬರುತ್ತಿದ್ದಳು. ಅವಳೇ ಬಂದ ಮೇಲೆ ಉಳಿದವರ ಮಾತೇಕೆ? ಮೂರು ಕೆಲಸ ಕೈಗೆ ಬಂದ ಹಾಗೇ ಎಂದುಕೊಂಡೆವು. ಇಬ್ಬರು ಮುದುಕರು, ಒಂದು ದಿನವೂ ಬೇರೆ ಯೋಚನೆ ಬರಲಿಲ್ಲ ನಮಗೆ.

ಪರೀಕ್ಷೆ ಬೆಂಗಳೂರಿನಲ್ಲಿ. ಮೂವರಿಗೂ ಒಂದೇ ದಿನ, ಒಂದೇ ತಂಡ. ಅದೃಷ್ಟ ಎಂದು ಕದಿರಪ್ಪ ಬಂಗಾರಪೇಟೆಯಲ್ಲಿ ರೈಲು ಹತ್ತುವಾಗ ಕೈ ಮುಗಿದ. ಮೂಟೆಯನ್ನು ಹುಡುಗಿಯರು ಮಾತಾಡಿಕೊಂಡೇ ಹೊತ್ತು ಇಳಿಸಿದರು. ಪಟ್ಟಣದ ಹುಡುಗಿಯರು ಮೂಟೆ ಕೆಳಗೆ ಹಾಕಿ ಅಳುತ್ತಿದ್ದರೆ, ನಮ್ಮವರು ಇದೆಂಥದ್ದು ಎಂಬಂತೆ ನೋಡುತ್ತಿದ್ದರು. ಬೇಲಿಯ ಈಚೆ ನಿಂತು ನಾವಿಬ್ಬರೂ ಹಲ್ಲು ಬಿಟ್ಟೆವು.

ಓಟಕ್ಕೆ ಸೀಟಿ ಊದಿದರು. ಇಡೀ ತಂಡ ನುಗ್ಗಿತು. ನಮ್ಮ ಮೂವರು ಒಂದು ಕ್ಷಣ ನಿಂತರು. ಇಂದ್ರಾಣಿ ಅಂಬಿಕಳ ಬೆನ್ನು ಮುಟ್ಟಿ ಮುಂದೆ ಬಿಟ್ಟಳು, ಮೀನಾ ಅವಳ ಹಿಂದೆ ಸೇರಿದಳು, ಇಂದ್ರಾಣಿ ಕೊನೆಗೆ ನಿಂತಳು. ಆಮೇಲೆ ಓಡತೊಡಗಿದರು. ನನಗೆ ಏನೂ ಹೊಳೆಯಲಿಲ್ಲ. ಕದಿರಪ್ಪ ಬೇಲಿ ಹಿಡಿದುಕೊಂಡ.

"ಅಯ್ಯೋ ಸಾರ್, ಕ್ರಮದಾಗೆ ಓಯ್ತಾವ್ರೆ!"

ಅಂದು ಮೈದಾನದಲ್ಲಿ ವಿಪರೀತ ಧೂಳು. ಅರ್ಧ ದಾರಿಗೆ ಅಂಬಿಕಳ ಉಸಿರು ಕಟ್ಟಿತು. ಅವಳು ಕೈ ಬೀಸಿ 'ಹೋಗಿ, ಹೋಗಿ' ಎನ್ನುತ್ತಿದ್ದಾಳೆ, ಇವರಿಬ್ಬರೂ ಹಿಂದೆಯೇ. ಕದಿರಪ್ಪ ಕೂಗಿದ. "ದಾಟ್ರೇ! ಲೇ ಇಂದ್ರಾಣಿ, ದಾಟು! ಇಲ್ಲಿ ಆನೆ ಇಲ್ಲ ಕಣೇ!" ಪಕ್ಕದಲ್ಲಿದ್ದವರು ನಕ್ಕರು. ನಾನೂ ಕೂಗಿದೆ, ಕೆಟ್ಟ ಮಾತೂ ಆಡಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಮೂವರೂ ಒಬ್ಬರ ಹಿಂದೊಬ್ಬರು ಗೆರೆ ದಾಟಿದಾಗ ಸಮಯ ಮೀರಿತ್ತು. ಹೊತ್ತು ಬರೆದುಕೊಳ್ಳುತ್ತಿದ್ದವರು ಇಂದ್ರಾಣಿಯನ್ನೇ ನೋಡಿ, "ಏನಮ್ಮಾ, ನಿನಗೆ ಬೆವರೇ ಬಂದಿಲ್ಲವಲ್ಲ" ಎಂದರು. ಮೂವರೂ ಫೇಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಅದಕ್ಕೇ.

ವಾಪಸು ರೈಲಿನಲ್ಲಿ ನನಗೆ ತಡೆಯಲಾಗಲಿಲ್ಲ. ಮಾಲೂರು ಬರುವವರೆಗೂ ಬೈದೆ. ದಡ್ಡರು, ನಿಮಗೆ ಯಾರು ಏನು ಮಾಡಿದರೂ ಅಷ್ಟೇ ಎಂದೆಲ್ಲ ಅಂದೆ. ಇಂದ್ರಾಣಿ ತಲೆ ಎತ್ತಿದಳು.

"ಒಬ್ಬೊಬ್ರಿಗೂ ಬೇರೆ ಬೇರೆ ಟೈಮ್ ಅಂತ ನಂಗೆ ಗೊತ್ತಿತ್ತು ಸಾರ್. ದಡ್ಡಿ ಅಲ್ಲ ನಾನು. ಇವ್ಳ ಬೆನ್ನು ಮುಂದೆ ಇತ್ತು, ಉಸ್ರು ಇಡೀತಿತ್ತು. ದಾಟಾಕೆ ಕಾಲು ಬರ್ಲಿಲ್ಲ."

"ಅವ್ರನ್ನ ಬೈಬ್ಯಾಡಿ ಸಾರ್," ಎಂದ ಕದಿರಪ್ಪ. "ಇಂಗೇ ಓಡಿ ಅಂತ ಕಲ್ಸಿದ್ದು ನಾನು. ನೀವು ಟೈಮ್ ನೋಡಿದ್ದು. ಇವ್ರದ್ದೇನು ತಪ್ಪು?"

ಅಂಬಿಕ ಕಿಟಕಿಗೆ ಮುಖ ಮಾಡಿ ಅಳುತ್ತಿದ್ದಳು.

ಮುಂದಿನ ಅವಕಾಶ ಬರಲು ವರ್ಷಗಳೇ ಹಿಡಿದವು. ಆ ವರ್ಷಗಳನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಕದಿರಪ್ಪ ಬಂದು ಬಂದು ಕೇಳುವುದು, ಇಲ್ಲ ಎಂದು ನಾನು ರೇಗುವುದು. ಅಷ್ಟರಲ್ಲಿ ಮೀನಾಳ ಮದುವೆಯಾಗಿ ಅವಳು ಕುಪ್ಪಂ ಕಡೆ ಹೋದಳು. ಕದಿರಪ್ಪನೂ ನಿವೃತ್ತನಾದ. ಹಾರ ಹಾಕಿ, ಶಾಲು ಹೊದಿಸಿ, ಒಂದು ಗೋಡೆ ಗಡಿಯಾರ ಕೊಟ್ಟರು. ಅವನು ಕ್ವಾರ್ಟರ್ಸ್ ಬಿಟ್ಟು ಹಟ್ಟಿಗೆ ಮರಳಿದಾಗ ಅಲ್ಲಿ ರೈಲ್ವೆಯವರು ಎಂದು ಹೇಳಿಕೊಳ್ಳಲು ಒಬ್ಬರೂ ಉಳಿಯಲಿಲ್ಲ. ಇದ್ದ ಒಬ್ಬನೂ ಮಾಜಿಯಾಗಿದ್ದ.

ಕೊನೆಗೂ ಕರೆ ಬಂತು. ಇಂದ್ರಾಣಿ ಮತ್ತು ಅಂಬಿಕ ಮತ್ತೆ ಬರೆದರು, ಮತ್ತೆ ಪಾಸಾದರು. ಓಟದ ದಿನ ಹತ್ತಿರವಾಯಿತು. ಕಾಮಸಮುದ್ರದ ಶಾಲೆಯ ಮೈದಾನದಲ್ಲಿ ಓಡಿಸೋಣ ಎಂದು ನಾನು ಹಟ ಹಿಡಿದೆ. ಆದರೆ ಹೂವಿನ ತೋಟದ ವ್ಯಾನು ಹೊತ್ತು ಹುಟ್ಟುವ ವೇಳೆಗೆ ಹಟ್ಟಿಗೆ ಬರುತ್ತದೆ, ಅದನ್ನು ತಪ್ಪಿಸಿಕೊಂಡರೆ ಅಂದಿನ ಕೂಲಿ ಹೋಯಿತು. ಕತ್ತಲಲ್ಲಿ ಮೈದಾನಕ್ಕೆ ಹೋಗಿ ಬರಲು ಬಸ್ಸಿಲ್ಲ. ಮತ್ತೆ ಅದೇ ಮಣ್ಣು ದಾರಿ, ಅದೇ ಮೋರಿ.

ಈ ಸಲ ನಾನು ಖಡಾಖಂಡಿತ ಹೇಳಿದೆ. ಇಂದ್ರಾಣಿ ಮುಂದೆ ಓಡಬೇಕು, ಅಂಬಿಕ ಎಲ್ಲಾದರೂ ಇರಲಿ. ಇಂದ್ರಾಣಿ ಹೂಂ ಎನ್ನುವಳು. ಸೀಟಿ ಊದಿದರೆ ಮುಂದೆಯೂ ಹೋಗುವಳು. ಸ್ವಲ್ಪ ದೂರ ಹೋದ ಮೇಲೆ ನೋಡಿದರೆ ಮತ್ತೆ ಹಿಂದೆ! ಅಂಬಿಕಳ ಉಬ್ಬಸ ಹೆಚ್ಚಾಗಿತ್ತು, ಅವಳಿಗೆ ಸಮಯದೊಳಗೆ ಬರಲು ಆಗುತ್ತಿರಲಿಲ್ಲ. ಅವಳ ಜೊತೆ ಇವಳೂ. ದಿನವೂ ಇದೇ ಆಟ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

"ನೀನು ಹೇಳಯ್ಯಾ," ಎಂದೆ ಕದಿರಪ್ಪನಿಗೆ. "ನಿನ್ನ ಮಾತು ಕೇಳ್ತಾಳೆ. ಬಿಟ್ಟು ಓಡು ಅಂತ ಹೇಳು."

ಅವನು ಸೀಟಿಯನ್ನು ಜೇಬಿಗೆ ಹಾಕಿಕೊಂಡ. "ನೀವೇ ಏಳಿ ಸಾರ್. ನನ್ ಬಾಯಲ್ಲಿ ಬರಾಕಿಲ್ಲ ಅದು."

ನನ್ನ ಬಾಯಲ್ಲಿ ಬಂತು. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ನನಗಿಲ್ಲ. ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಅಂಬಿಕಳಿಗೇ ಹೇಳಿದೆ. "ನೋಡಮ್ಮಾ, ನಿನಗಂತೂ ಆಗೋದಿಲ್ಲ. ನಿನ್ನಿಂದ ಇವಳದೂ ಕೆಡುತ್ತಿದೆ." ಇಂದ್ರಾಣಿ ನನ್ನನ್ನು ಕೊಂದುಬಿಡುವ ಹಾಗೆ ನೋಡಿದಳು. ಅಂಬಿಕ ತಲೆಯಾಡಿಸಿ, "ಔದು ಸಾರ್" ಎಂದಳು, ಅಷ್ಟೇ.

ಮರುದಿನ ಬೆಳಿಗ್ಗೆ ಟ್ಯಾಂಕಿನ ಬಳಿ ಇಂದ್ರಾಣಿ ಮಾತ್ರ ಬಂದಿದ್ದಳು. ಅಂಬಿಕಳನ್ನು ಕರೆಯಲು ಹೋದರೆ ಬಾಗಿಲು ತೆಗೆದಿತ್ತಂತೆ, ಅವಳು ಒಳಗಿರಲಿಲ್ಲವಂತೆ. ಅವಳಿಗಾಗಿ ಕಾಯುತ್ತಾ ನಾನೂ ಅಲ್ಲೇ ನಿಂತಿದ್ದೆ, ಇನ್ನೂ ಮೋರಿಯ ಕಡೆ ಹೋಗಿರಲಿಲ್ಲ. ಆಗಷ್ಟೇ ಬೆಳಕು ಹರಿಯುತ್ತಿತ್ತು. ದಾರಿ ನೇರವಾಗಿದೆ, ಆ ತುದಿಯಲ್ಲಿ ಬಿದಿರು ಮೆಳೆಯ ಪಕ್ಕ ಯಾರೋ ನಿಂತ ಹಾಗೆ ಕಾಣಿಸಿತು. ಕೆಂಪು ಬಟ್ಟೆಯೊಂದನ್ನು ಎತ್ತಿ ಬೀಸಿದರು.

"ಅಯ್ಯೋ, ಅಂಬಿಕ!" ಎಂದಳು ಇಂದ್ರಾಣಿ. "ಮೆಳೆ ಅತ್ರ ಒಬ್ಳೇ ನಿಂತವ್ಳೆ!"

ಸೀಟಿಗೆ ಕಾಯಲಿಲ್ಲ. ಅವಳು ಹೊರಟ ರಭಸಕ್ಕೆ ಕದಿರಪ್ಪ ಪಕ್ಕಕ್ಕೆ ಸರಿದ. ನಾನು ಅಭ್ಯಾಸಬಲದಿಂದ ಫೋನು ಒತ್ತಿದೆ. ಇಷ್ಟು ವರ್ಷಗಳಲ್ಲಿ ಇಂದ್ರಾಣಿ ಓಡುವುದನ್ನು ನಾನು ನೋಡಿರಲೇ ಇಲ್ಲ ಎಂದು ಅಂದು ಗೊತ್ತಾಯಿತು. ಕದಿರಪ್ಪನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ಬಿಟ್ಟೆ. ಆ ಕಲ್ಲು ಗುಂಡಿಯ ದಾರಿಯಲ್ಲಿ ಅವಳನ್ನು ಹಿಡಿಯಲು ಆಗಲಿಲ್ಲ.

ನಾವು ಮೋರಿ ತಲುಪುವ ಹೊತ್ತಿಗೆ ಇಂದ್ರಾಣಿ ಅಂಬಿಕಳ ಕೆನ್ನೆಗೆ ಹೊಡೆದಾಗಿತ್ತು. ಹೊಡೆದವಳೇ ತಬ್ಬಿಕೊಂಡು ಅಳುತ್ತಿದ್ದಳು.

"ಆನೆ ಬಂದಿದ್ರೆ? ಏಳೇ, ಆನೆ ಬಂದಿದ್ರೆ ಏನೇ ಮಾಡ್ತಿದ್ದೆ?"

"ಬರ್ಲಿಲ್ವಲ್ಲ," ಎಂದಳು ಅಂಬಿಕ, ಕೆನ್ನೆ ಸವರಿಕೊಳ್ಳುತ್ತಾ. ಆಮೇಲೆ ಕದಿರಪ್ಪನ ಕಡೆ ತಿರುಗಿದಳು. "ಮಾಮ, ನಾನು ಮುಂದೆ ಇದ್ರೆ ಓಡ್ತಾಳೆ. ಬೆಂಗ್ಳೂರಿಗೂ ಬತ್ತೀನಿ, ಬೇಲಿ ಆಚೆ ಕೊನೇಲಿ ನಿಂತ್ಕೊಂತೀನಿ. ನಾನು ಓಡಲ್ಲ."

"ಮುಚ್ಚೇ ಬಾಯಿ!" ಎಂದ ಕದಿರಪ್ಪ. ಅವನು ಹೆಣ್ಣುಮಕ್ಕಳನ್ನು ಗದರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ನಾಳೆ ಇಬ್ರೂ ಬರ್ಬೇಕು. ಇಬ್ರೂ ಓಡ್ಬೇಕು. ತಿಳೀತಾ?"

ಹುಡುಗಿಯರು ವ್ಯಾನಿಗೆ ಹೊತ್ತಾಯಿತೆಂದು ಹಟ್ಟಿಯ ಕಡೆ ನಡೆದರು. ಕದಿರಪ್ಪ ಮೋರಿಯ ಕಟ್ಟೆಯ ಮೇಲೆ ಕೂತ.

"ಟೈಮ್ ಎಷ್ಟು ಸಾರ್?"

ಹೇಳಿದೆ. ನಾವು ಮೋರಿ ತಲುಪಿದಾಗಲೇ ಆರು ನಿಮಿಷಕ್ಕೆ ಇನ್ನೂ ಒಂದು ನಿಮಿಷಕ್ಕಿಂತ ಹೆಚ್ಚು ಉಳಿದಿತ್ತು. ಹೇಳುವಾಗ ನನಗೆ ಖುಷಿಯಾಗಿತ್ತು, ಅದು ಧ್ವನಿಯಲ್ಲೂ ಬಂತು. ಅವನು ನನ್ನ ಮುಖವನ್ನೇ ನೋಡಿದ. ನನಗೆ ನಾಚಿಕೆಯಾಯಿತು, ನಾಚಿಕೆಯಾದದ್ದಕ್ಕೆ ಸಿಟ್ಟೂ ಬಂತು.

"ನಾನು ಆಗ ರೈಲ್ವೇಗೆ ಒಬ್ನೇ ಓದೆ ಸಾರ್," ಎಂದ. "ಇಷ್ಟು ವರ್ಷ ಒಬ್ನೇ ಇದ್ದೆ. ಇಂಗಾಗ್ಬಾರ್ದು ಅಂತಾನೇ ಮೂರು ಜನಾನ ಇಡ್ಕೊಂಡಿದ್ದು. ಈಗ ಅವ್ಳೂ ಒಬ್ಳೇ ಓಗ್ಬೇಕಾ?"

ಒಬ್ಬಳಾದರೂ ಹೋಗಲಿ ಎಂದೇ ನನ್ನ ಮನಸ್ಸಿನಲ್ಲಿದ್ದದ್ದು, ಈಗಲೂ ಇರುವುದು. ಅದನ್ನು ಅವನಿಗೆ ಹೇಳುವ ಧೈರ್ಯ ಅಂದು ಆಗಲಿಲ್ಲ.

ಮರುದಿನ ನಾನು ಹೋದಾಗ ಟ್ಯಾಂಕಿನ ಬಳಿ ಕದಿರಪ್ಪನ ಎದುರು ಇಂದ್ರಾಣಿ ಒಬ್ಬಳೇ ನಿಂತಿದ್ದಳು. ಅಳು ಬಂದು ಒಣಗಿದ ಮುಖ.

"ಅಂಬಿಕ ಬ್ಯಾರೆ ತೋಟದ ವ್ಯಾನು ಅತ್ತಿ ಓದ್ಲು ಮಾಮ. ಅದು ಇನ್ನೂ ಮುಂಚೆ ಬತ್ತದೆ. ಇನ್ಮೇಲೆ ಅಲ್ಲಿಗೇ ಅಂತೆ."

ಕದಿರಪ್ಪ ಅಂಬಿಕಳ ಮನೆಯ ಕಡೆ ನೋಡಿದ. ಬಾಗಿಲು ಹಾಕಿತ್ತು. ಇಂದ್ರಾಣಿ ದಾರಿಯ ನಡುವೆ ಹೋಗಿ ನಿಂತು, ಅವನ ಮುಖ ನೋಡುತ್ತಾ ಕಾದಳು. ಅವನು ಸೀಟಿಯನ್ನು ಬಾಯಿಗಿಟ್ಟ, ತೆಗೆದ, ಅಂಗಿಗೆ ಒರೆಸಿದ. ಆಮೇಲೆ ಊದಿದ.